ಹಳೆಯ ಹರಿಗೋಲು ಕೊಳ್ಳುವ ಮುಂಚೆ

ದೇವರಾಯಸಮುದ್ರ.

ಈ ಹೆಸರನ್ನು ಬಿಡಿಸಿ ಓದಿ. ದೇವರಾಯ. ಸಮುದ್ರ.

ದೇವರಾಯ ಎಂಬ ಹೆಸರಿನ ಅರಸರು ವಿಜಯನಗರದಲ್ಲಿ ಆಳಿದ್ದರು. ಸರಿ. ಆದರೆ ಸಮುದ್ರ ಎಲ್ಲಿದೆ? ಮುಳಬಾಗಿಲು ತಾಲ್ಲೂಕಿನಲ್ಲಿ ಸಮುದ್ರ ಇಲ್ಲ. ಕೋಲಾರ ಜಿಲ್ಲೆಯಲ್ಲೇ ಇಲ್ಲ. ವರ್ಷವೆಲ್ಲಾ ಹರಿಯುವ ಒಂದು ಹೊಳೆ ಕೂಡ ಇಲ್ಲ. ಪಾಲಾರ್ ನದಿ ಇದೆ. ಮಳೆ ಬಂದರೆ ಮಾತ್ರ ಅದರಲ್ಲಿ ನೀರು.

ನಮ್ಮ ಹಿರಿಯರು ದೊಡ್ಡ ಕೆರೆಯನ್ನೇ ಸಮುದ್ರ ಅಂತ ಕರೆದರು. ಸಾಗರ ಅಂತಲೂ ಕರೆದರು. ನಮ್ಮ ಸೀಮೆಗೆ ಕೆರೆಯೇ ಸಮುದ್ರ. ಕೆರೆ ತುಂಬಿದರೆ ಊಟ. ಕೆರೆ ಬತ್ತಿದರೆ ಗುಳೆ.

ಕೆರೆ ತುಂಬಿದಾಗ ಗದ್ದೆ ಒಂದೇ ಅಲ್ಲ, ಮೀನೂ ಸಿಗುತ್ತದೆ. ಮೀನು ಹಿಡಿಯಲು ಹರಿಗೋಲು ಬೇಕು. ಹೊಸದಕ್ಕೆ ದುಡ್ಡು ಸಾಲದು. ಆಗ ಹಳೆಯದನ್ನು ಹುಡುಕುತ್ತೇವೆ. ಹಳೆಯ ಹರಿಗೋಲನ್ನು ಹೇಗೆ ಆರಿಸಬೇಕು? ಈ ಪಾಠ ಅದನ್ನು ಹೇಳುತ್ತದೆ.

ಕೆರೆಗೆ ಮತ್ತೆ ನೀರು ಬಂತು

ಬಹಳ ವರ್ಷ ನಮ್ಮ ಕೆರೆಗಳು ಒಣಗಿದ್ದವು. ಕೆರೆಯ ಅಂಗಳದಲ್ಲಿ ಜಾಲಿ ಮುಳ್ಳು ಬೆಳೆಯಿತು. ಕೆಲವರು ಮಣ್ಣು ತೆಗೆದರು. ಕೆಲವರು ಮರಳು ತೆಗೆದರು. ದೊಡ್ಡ ದೊಡ್ಡ ಗುಂಡಿಗಳಾದವು.

2018ರ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರಕ್ಕೆ ಬಂತು. ಇದು ಬೆಂಗಳೂರಿನ ಕೊಳಚೆ ನೀರು. ಎರಡು ಹಂತದಲ್ಲಿ ಶುದ್ಧ ಮಾಡಿ ಬಿಡುತ್ತಾರೆ. ಇದು ಕುಡಿಯುವ ನೀರಲ್ಲ. ಅಂತರ್ಜಲ ಏರಲಿ ಅಂತ ಕೆರೆಗಳಿಗೆ ತುಂಬಿಸುವ ನೀರು. ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಈ ನೀರು ಹರಿಸುವುದು ಯೋಜನೆ. ಆಮೇಲೆ 2021ರ ನವೆಂಬರಿನಲ್ಲಿ ಜೋರು ಮಳೆ ಬಂತು. ಎಷ್ಟೋ ಕೆರೆಗಳು ಕೋಡಿ ಹರಿದವು.

ನೀರು ಬಂದ ಮೇಲೆ ಮೀನಿನ ಮರಿ ಬಿಟ್ಟರು. ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಇವು ಕೆರೆಯಲ್ಲಿ ಚೆನ್ನಾಗಿ ಬೆಳೆಯುವ ಮೀನು.

ಇಲ್ಲೊಂದು ಮಾತು ಗಮನಿಸಿ. ಕೆರೆ ಒಣಗಿದ್ದಾಗ ಹರಿಗೋಲುಗಳೂ ಮೂಲೆ ಸೇರಿದವು. ಕೆಲವು ಏರಿಯ ಮೇಲೆ ಬಿಸಿಲಿನಲ್ಲಿ ಬಿದ್ದಿದ್ದವು. ಕೆಲವು ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಇದ್ದವು. ಅಂಥವೂ ಮಾರಾಟಕ್ಕೆ ಬರುತ್ತವೆ. ಮಾರುವವರು ಏನು ಹೇಳುತ್ತಾರೆ? "ಅಕ್ಕ, ಇದನ್ನು ಬಳಸೇ ಇಲ್ಲ. ಹೊಸದರ ಹಾಗೇ ಇದೆ" ಅಂತಾರೆ.

ಬಳಸದೆ ಇದ್ದರೆ ಹೊಸದೇ? ಅಲ್ಲ. ಬಿಸಿಲು ಕೂಡ ಹರಿಗೋಲನ್ನು ತಿನ್ನುತ್ತದೆ.

ಮೊದಲು ಹಕ್ಕು, ಆಮೇಲೆ ಹರಿಗೋಲು

ಹರಿಗೋಲು ಇದ್ದ ಮಾತ್ರಕ್ಕೆ ಕೆರೆಯಲ್ಲಿ ಮೀನು ಹಿಡಿಯುವ ಹಾಗಿಲ್ಲ. ಮೀನು ಹಿಡಿಯುವ ಹಕ್ಕು ಬೇಕು. ದೊಡ್ಡ ಕೆರೆಗಳ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಸಣ್ಣ ಕೆರೆಗಳ ಹಕ್ಕು ಗ್ರಾಮ ಪಂಚಾಯ್ತಿಯ ಕೈಯಲ್ಲಿರುತ್ತದೆ.

ಆದ್ದರಿಂದ ಮೊದಲು ಮೂರು ಮಾತು ಕೇಳಿ.

ಈ ಕೆರೆ ಯಾರಿಗೆ ಸೇರಿದ್ದು?
ಈಗ ಗುತ್ತಿಗೆ ಯಾರದು?
ಅದು ಯಾವ ತಿಂಗಳು, ಯಾವ ವರ್ಷದ ತನಕ ಇದೆ?

ಗುತ್ತಿಗೆಯ ಕಾಗದ ತೋರಿಸಲು ಹೇಳಿ. ಈಗ ನಿಮಗೆ ಓದು ಬರುತ್ತದೆ. ತಾರೀಖು ನೀವೇ ಓದಿ. ಆರು ತಿಂಗಳಲ್ಲಿ ಮುಗಿಯುವ ಗುತ್ತಿಗೆ ನಂಬಿ ಸಾಲ ಮಾಡಬೇಡಿ.

ಇನ್ನೊಂದು ಮಾತು. ಹಳೆಯದನ್ನು ಕೊಳ್ಳುವ ಮುಂಚೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ. ಹೊಸ ಹರಿಗೋಲಿಗೆ ಎಷ್ಟು ಬೆಲೆ? ಈ ವರ್ಷ ಸಹಾಯಧನ ಇದೆಯೇ? ಕೇಳಿ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಘಟಕ ವೆಚ್ಚದ 100ಕ್ಕೆ 60 ಪಾಲಿನ ತನಕ ಸಹಾಯಧನ ಎಂದು ಇಟ್ಟರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಷ್ಟೇ. ಉಳಿದವರಿಗೆ 100ಕ್ಕೆ 40. ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅದಕ್ಕೇ ಕೊಳ್ಳುವ ವರ್ಷದಲ್ಲೇ ಕೇಳಬೇಕು. ಹೊಸದರ ಬೆಲೆ ಗೊತ್ತಿಲ್ಲದಿದ್ದರೆ ಹಳೆಯದರ ಬೆಲೆ ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ?

ಯಾವ ಬಗೆಯ ಹರಿಗೋಲು?

ಹರಿಗೋಲು ಇವತ್ತಿನದಲ್ಲ. ಸುಮಾರು 500 ವರ್ಷಗಳ ಹಿಂದೆ ಪೋರ್ಚುಗಲ್ ದೇಶದ ಪಾಯೆಸ್ ಎಂಬುವನು ವಿಜಯನಗರಕ್ಕೆ ಬಂದಿದ್ದ. ಅಲ್ಲಿ ಹೊಳೆ ದಾಟಿಸುವ ದುಂಡನೆಯ ದೋಣಿಗಳನ್ನು ನೋಡಿದ. ಅವು ಬುಟ್ಟಿಯ ಹಾಗೆ ಇದ್ದವು. ಹೊರಗೆ ಚರ್ಮ ಹೊದಿಸಿದ್ದರು. ಅದನ್ನು ಅವನು ಬರೆದಿಟ್ಟಿದ್ದಾನೆ.

ಈಗ ನಮ್ಮ ಕೆರೆಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತೇವೆ.

ಒಂದು, ಬಿದಿರಿನ ಹರಿಗೋಲು. ಬಿದಿರಿನ ಹೆಣಿಗೆ. ಹೊರಗೆ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಡಾಂಬರು. ಇದು ಹಗುರ. ಬೆಲೆ ಕಡಿಮೆ. ಆದರೆ ಬಾಳಿಕೆಯೂ ಕಡಿಮೆ.

ಎರಡು, ಫೈಬರ್ ಹರಿಗೋಲು. ಗಾಜಿನ ನೂಲಿನ ಬಟ್ಟೆ ಹಾಕಿ, ಅಂಟು ಸುರಿದು, ಗಟ್ಟಿ ಮಾಡಿ ಮಾಡಿದ್ದು. ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆ.

ಮೂರು, ಥರ್ಮಾಕೋಲ್ ತೆಪ್ಪ ಮತ್ತು ಟ್ರ್ಯಾಕ್ಟರ್ ಟ್ಯೂಬ್. ಇವು ದೋಣಿಯೇ ಅಲ್ಲ. ಥರ್ಮಾಕೋಲ್ ಮುರಿಯುತ್ತದೆ. ಟ್ಯೂಬಿಗೆ ಮುಳ್ಳು ಚುಚ್ಚಿದರೆ ಗಾಳಿ ಹೋಗುತ್ತದೆ. ಇವುಗಳ ಮೇಲೆ ನಡುಕೆರೆಗೆ ಹೋಗಬೇಡಿ. ಮನೆಯ ಗಂಡಸರನ್ನೂ ಕಳಿಸಬೇಡಿ.

ಹರಿಗೋಲು ಯಾವ ಕೆಲಸಕ್ಕೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಏರಿಯ ಹತ್ತಿರವೇ ಬಲೆ ಹಾಕುತ್ತೀರಾ? ಸಣ್ಣದು ಸಾಕು. ನಡುಕೆರೆಗೆ ಹೋಗುತ್ತೀರಾ? ಅಲ್ಲಿ ಗಾಳಿ ಜೋರು. ಅಲೆ ಏಳುತ್ತದೆ. ದುಂಡನೆಯ ಹರಿಗೋಲು ಗಾಳಿಗೆ ತಿರುಗುತ್ತದೆ. ಅಗಲವಾದ, ಅಂಚು ಎತ್ತರ ಇರುವ ಹರಿಗೋಲು ಬೇಕು. ದಿನಾ ಕೈಯಲ್ಲಿ ಹೊತ್ತು ತರಬೇಕಾ? ಹಗುರ ಇರಬೇಕು.

ಎಲ್ಲಾ ಗುಣವೂ ಒಂದರಲ್ಲೇ ಸಿಗುವುದಿಲ್ಲ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೋ ಅದು ಒಳ್ಳೆಯದು.

ತಳ ನೋಡಿ

ಹಸು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಕೆಚ್ಚಲು ನೋಡುತ್ತೇವೆ. ಒಂದು ಹೊತ್ತು ಹಾಲು ಕರೆದು ನೋಡುತ್ತೇವೆ. ಮಡಕೆ ಕೊಳ್ಳುವಾಗ? ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವೆ.

ಈ ವಿದ್ಯೆ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹರಿಗೋಲಿಗೂ ಅದೇ ವಿದ್ಯೆ ಸಾಕು.

ಹಗಲಿನಲ್ಲಿ ಹೋಗಿ. ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಹೋಗಿ. ನೀರಿನ ಕೆಲಸ ಬಲ್ಲವರು ಒಬ್ಬರು ಜೊತೆಗಿರಲಿ. ಹರಿಗೋಲನ್ನು ಕವುಚಿ ಹಾಕಿಸಿ. ತಳ ಮೇಲೆ ಬರಬೇಕು.

"ಏನಣ್ಣ, ಇದು ಎಷ್ಟು ವರ್ಷದ್ದು? ಎಲ್ಲಿ ಇಟ್ಟಿದ್ರಿ? ಎಲ್ಲಾದ್ರೂ ರಿಪೇರಿ ಮಾಡಿಸಿದ್ರಾ?" ಅಂತ ಕೇಳಿ. ಅವರು ಹೇಳುತ್ತಿರಲಿ. ನಿಮ್ಮ ಕೈ ಕೆಲಸ ಮಾಡುತ್ತಿರಲಿ.

ಫೈಬರ್ ಹರಿಗೋಲು ಆದರೆ ಹೀಗೆ ಮಾಡಿ.

ಕೈ ಸವರಿ. ಅಂಗೈಗೆ ಬಿಳಿ ಪುಡಿ ಹತ್ತುತ್ತದೆಯೇ? ಹಾಗಿದ್ದರೆ ಬಹಳ ದಿನ ಬಿಸಿಲಿನಲ್ಲಿ ಬಿದ್ದಿತ್ತು ಎಂದು ಅರ್ಥ. ಮೇಲ್ಪದರ ಸವೆದಿದೆ. ಇದೊಂದೇ ಆದರೆ ಹೆದರಬೇಕಿಲ್ಲ. ಮುಂದೆ ನೋಡಿ.

ತಟ್ಟಿ. ಒಂದು ನಾಣ್ಯದಿಂದ ತಳದ ತುಂಬಾ ತಟ್ಟುತ್ತಾ ಬನ್ನಿ. ಎಲ್ಲಾ ಕಡೆ ಟಣ್ ಟಣ್ ಅಂತ ಒಂದೇ ಸದ್ದು ಬರಬೇಕು. ಒಂದು ಕಡೆ ದಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ. ಒಳಗೆ ನೀರು ಸೇರಿರಬಹುದು.

ಒತ್ತಿ. ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ತಗ್ಗಿದರೆ ಆ ಜಾಗ ಮೆತ್ತಗಾಗಿದೆ.

ಬಿರುಕು ನೋಡಿ. ಕೂದಲಿನಂಥ ಗೆರೆ ಮೇಲ್ಪದರದಲ್ಲಿ ಮಾತ್ರ ಇದ್ದರೆ ಪರವಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಇದ್ದರೆ ಕೆಟ್ಟದ್ದು. ಬಿಳಿ ನೂಲು ಹೊರಗೆ ಕಂಡರೆ ಇನ್ನೂ ಕೆಟ್ಟದ್ದು. ಆ ನೂಲಿನ ಮೂಲಕ ನೀರು ಒಳಗೆ ಇಳಿಯುತ್ತದೆ.

ಬೆಳಕು ಹಾಯಿಸಿ. ಹರಿಗೋಲಿನ ಒಳಗೆ ಟಾರ್ಚ್ ಹಿಡಿಯಿರಿ. ಹೊರಗಿನಿಂದ ನೋಡಿ. ಬಣ್ಣ ದಪ್ಪ ಇಲ್ಲದಿದ್ದರೆ ತೆಳು ಜಾಗದಲ್ಲಿ ಬೆಳಕು ಹೆಚ್ಚು ಕಾಣುತ್ತದೆ. ಕಲ್ಲಿನ ಮೇಲೆ ಎಳೆದು ಎಳೆದು ತಳ ಸವೆದ ಜಾಗ ಅದು.

ಅಂಚು ನೋಡಿ. ಬಲೆ ಎಳೆಯುವುದು ಅಂಚಿನ ಮೇಲೆ. ಹಿಡಿದು ಎತ್ತುವುದೂ ಅಂಚಿನಲ್ಲೇ. ಅಂಚು ಸೀಳಿದ್ದರೆ ಭಾರಕ್ಕೆ ಹರಿಗೋಲು ಬಾಯಿ ಬಿಡುತ್ತದೆ.

ಬಿದಿರಿನ ಹರಿಗೋಲು ಆದರೆ ಒಳಗಿನ ಹೆಣಿಗೆ ನೋಡಿ. ಬಿದಿರಿನಿಂದ ಹಳದಿ ಪುಡಿ ಉದುರುತ್ತದೆಯೇ? ಹುಳ ಹಿಡಿದಿದೆ. ಮೊಳೆಯಿಂದ ಚುಚ್ಚಿ. ಸುಲಭವಾಗಿ ಇಳಿದರೆ ಬಿದಿರು ಟೊಳ್ಳಾಗಿದೆ. ಡಾಂಬರು ಬಿರಿದಿದ್ದರೆ ಮತ್ತೆ ಹಾಕಬಹುದು. ಹಾಳೆ ಹರಿದಿದ್ದರೆ ಬದಲಿಸಬಹುದು. ಬಿದಿರೇ ಹೋದರೆ ಹರಿಗೋಲೇ ಹೋಯಿತು.

ಹೊಸ ಬಣ್ಣ ಕಂಡರೆ ಹಿಗ್ಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ತಳಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ "ಯಾಕಣ್ಣ?" ಅಂತ ಕೇಳಿ. ಬಣ್ಣದ ಕೆಳಗೆ ಬಿರುಕು ಅಡಗಿರಬಹುದು. ತೂತು ಬಿದ್ದ ಕೊಡಕ್ಕೆ ಹಚ್ಚುವ ಅಂಟನ್ನು ಹಚ್ಚಿ ಮುಚ್ಚಿರಬಹುದು. ಅದು ರಿಪೇರಿ ಅಲ್ಲ. ಫೈಬರಿಗೆ ಹೊಸ ಬಟ್ಟೆ ಹಾಕಿ ಅಂಟು ಕೂಡಿಸಬೇಕು. ಅದೇ ಸರಿಯಾದ ರಿಪೇರಿ.

ತೂಕ ಹಾಕಿ, ನೀರಿಗೆ ಹಾಕಿ

ನೋಡಿದ್ದು ಸಾಲದು. ತೂಕ ಹಾಕಿಸಿ. ಮಂಡಿಯ ತೂಕದ ಯಂತ್ರ ಆದರೂ ಸರಿ. ಅದೇ ಅಳತೆಯ ಹೊಸ ಹರಿಗೋಲು ಎಷ್ಟು ತೂಗುತ್ತದೆ ಎಂದು ಮೊದಲೇ ಕೇಳಿಕೊಂಡಿರಿ. ಹಳೆಯದು ಬಹಳ ಹೆಚ್ಚು ತೂಗಿದರೆ ಪದರದ ಒಳಗೆ ನೀರು ಕೂತಿರಬಹುದು. ಇಲ್ಲವೇ ತೇಪೆಯ ಮೇಲೆ ತೇಪೆ ಹಾಕಿರಬಹುದು.

ಆಮೇಲೆ ನೀರಿಗೆ ಹಾಕಿ ನೋಡಿ. ಮೊಣಕಾಲು ಮುಳುಗುವಷ್ಟು ನೀರು ಸಾಕು. ಜನ ಹತ್ತುವುದು ಬೇಡ. ಮರಳಿನ ಮೂಟೆ ಇಡಿ. ಎಷ್ಟು ಇಡಬೇಕು? ಲೆಕ್ಕ ಹಾಕೋಣ.

ಇಬ್ಬರು ಜನ: 120 ಕಿಲೋ
ನೆನೆದ ಬಲೆ: 25 ಕಿಲೋ
ಮೀನು: 55 ಕಿಲೋ
ಒಟ್ಟು: 200 ಕಿಲೋ

ಐವತ್ತು ಕಿಲೋ ತೂಗುವ ಮೂಟೆ ನಾಲ್ಕು. ಸುತ್ತಲೂ ಸಮನಾಗಿ ಇಡಿ. ಈಗ ನೀರಿನಿಂದ ಅಂಚಿನ ತನಕ ಅಳೆಯಿರಿ. ಒಂದು ಗೇಣಾದರೂ ಮೇಲಿರಬೇಕು. ನಾಲ್ಕು ಬೆರಳು ಮಾತ್ರ ಇದ್ದರೆ ಸಣ್ಣ ಅಲೆಗೂ ನೀರು ಒಳಗೆ ಬರುತ್ತದೆ.

ಅರ್ಧ ಗಂಟೆ ಕಾಯಿರಿ. ಮಾತಾಡುತ್ತಾ ಕೂತಿರಿ. ಅವಸರ ಬೇಡ. ಆಮೇಲೆ ಒಳಗೆ ನೋಡಿ. ಒಣಗಿದ್ದರೆ ಒಳ್ಳೆಯದು. ತಳದಲ್ಲಿ ನೀರು ಒಸರಿದ್ದರೆ ಎಲ್ಲಿಂದ ಎಂದು ಹುಡುಕಿ. ಸೀಮೆಸುಣ್ಣದಿಂದ ಗುರುತು ಹಾಕಿ.

"ಅಯ್ಯೋ, ಒಂದು ಕೊಡ ನೀರು ತಾನೇ, ಎತ್ತಿ ಚೆಲ್ಲಿದರಾಯಿತು" ಅಂತಾರೆ ಕೆಲವರು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಗಂಟೆಗೆ 15 ಲೀಟರ್ ಸೋರಿದರೆ ನಾಲ್ಕು ಗಂಟೆಗೆ 60 ಕಿಲೋ. ಅಂದರೆ ಇನ್ನೊಬ್ಬ ಆಳು ಹತ್ತಿ ಕೂತ ಹಾಗೆ. ಭಾರ ಹೆಚ್ಚಿದಷ್ಟೂ ಹರಿಗೋಲು ಇಳಿಯುತ್ತದೆ. ಇಳಿದಷ್ಟೂ ಸೋರಿಕೆ ಹೆಚ್ಚುತ್ತದೆ. ಎರಡು ಕೈಯಲ್ಲೂ ಬಲೆ ಹಿಡಿದವರು ನೀರು ಚೆಲ್ಲುವುದು ಯಾವಾಗ?

ತಳ ಮೆತ್ತಗಿದ್ದು, ಪದರ ಬಿಟ್ಟಿದ್ದು, ನೀರೂ ಸೋರುತ್ತಿದ್ದರೆ ಆ ಹರಿಗೋಲು ಬೇಡ. ಬೆಲೆ ಇಳಿಸಿದರೂ ಬೇಡ. ಪುಕ್ಕಟೆ ಕೊಟ್ಟರೂ ಬೇಡ.

ಊರಿಗೆ ತರುವುದು ಹೇಗೆ?

ಹರಿಗೋಲು ಬೇರೆ ಊರಿನಲ್ಲಿದೆ. ನಮ್ಮ ಕೆರೆಗೆ ತರಬೇಕು. ಬೈಕಿನ ಹಿಂದೆ ಕಟ್ಟಿ ಎಳೆಯಬೇಡಿ. ನೆಲದ ಮೇಲೆ ಎಳೆಯಬೇಡಿ. ಒಂದೇ ದಿನಕ್ಕೆ ಒಂದು ವರ್ಷದ ತಳ ಸವೆಯುತ್ತದೆ.

ಸಣ್ಣದಾದರೆ ಟಾಟಾ ಏಸ್ ಗಾಡಿ ಸಾಕು. ದೊಡ್ಡದಾದರೆ ಟ್ರ್ಯಾಕ್ಟರ್ ಟ್ರೈಲರ್ ಬೇಕು. ಮೊದಲೇ ಹಗ್ಗದಿಂದ ಅಡ್ಡಳತೆ ತೆಗೆದುಕೊಳ್ಳಿ. ಗಾಡಿಗೆ ಹಿಡಿಯುತ್ತದೋ ಇಲ್ಲವೋ ಅಳೆದು ನೋಡಿ. ಗಾಡಿಯ ತಳಕ್ಕೆ ಹುಲ್ಲು ಅಥವಾ ಗೋಣಿಚೀಲ ಹಾಸಿ. ಹರಿಗೋಲನ್ನು ಕವುಚಿ ಇಡಿ. ಹಗ್ಗದಿಂದ ಎರಡು ಕಡೆ ಅಡ್ಡ ಬಿಗಿಯಿರಿ. ಹೆದ್ದಾರಿಯಲ್ಲಿ ಲಾರಿಗಳ ಗಾಳಿ ಜೋರಿರುತ್ತದೆ. ಸಡಿಲ ಇದ್ದರೆ ಹಾರಿ ಬೀಳುತ್ತದೆ. ಹಿಂದೆ ಬರುವವರ ಜೀವಕ್ಕೂ ಅಪಾಯ.

ಕೆರೆ ಹತ್ತಿರ ಇಡುವ ಜಾಗವನ್ನೂ ನೋಡಿಕೊಳ್ಳಿ. ನೆರಳು ಬೇಕು. ಕವುಚಿ ಇಡಬೇಕು. ಕೆಳಗೆ ಎರಡು ಮರದ ತುಂಡು ಇಡಬೇಕು.

ಬೆಲೆ ಎಂದರೆ ಎಷ್ಟು?

ಮಾರುವವರು ಹೇಳುವುದು ಒಂದು ಬೆಲೆ. ನಮಗೆ ಬೀಳುವುದು ಇನ್ನೊಂದು ಬೆಲೆ. ಕೆಳಗಿನ ಲೆಕ್ಕ ನೋಡಿ. ಈ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಮಾಡಿ.

ರಿಪೇರಿ ಬೇಕಾದ ಹಳೆಯ ಹರಿಗೋಲು

ಹರಿಗೋಲು: 6,000 ರೂಪಾಯಿ
ರಿಪೇರಿ: 2,500
ಗಾಡಿ ಬಾಡಿಗೆ: 1,200
ಹುಟ್ಟು ಎರಡು: 500
ತೇಲು ಅಂಗಿ ಎರಡು: 1,800
ಒಟ್ಟು: 12,000 ರೂಪಾಯಿ

ನೋಡಿ, ಆರು ಸಾವಿರ ಅಂದದ್ದು ಹನ್ನೆರಡು ಸಾವಿರ ಆಯಿತು. ಮೂರು ವರ್ಷ ಬಾಳಿದರೆ ವರ್ಷಕ್ಕೆ 4,000 ರೂಪಾಯಿ ಬಿತ್ತು.

ಹೊಸ ಹರಿಗೋಲು

ಹರಿಗೋಲು: 12,500 ರೂಪಾಯಿ
ಗಾಡಿ, ಹುಟ್ಟು, ತೇಲು ಅಂಗಿ: 3,500
ಒಟ್ಟು: 16,000 ರೂಪಾಯಿ

ಎಂಟು ವರ್ಷ ಬಾಳಿದರೆ ವರ್ಷಕ್ಕೆ 2,000 ರೂಪಾಯಿ.

ತಳ ಗಟ್ಟಿ ಇರುವ ಹಳೆಯ ಹರಿಗೋಲು

ಹರಿಗೋಲು: 6,000 ರೂಪಾಯಿ
ಗಾಡಿ, ಹುಟ್ಟು, ತೇಲು ಅಂಗಿ: 3,500
ಒಟ್ಟು: 9,500 ರೂಪಾಯಿ

ಐದು ವರ್ಷ ಬಾಳಿದರೆ ವರ್ಷಕ್ಕೆ 1,900 ರೂಪಾಯಿ.

ಈಗ ಹೇಳಿ. ಹಳೆಯದು ಲಾಭವೋ, ಹೊಸದು ಲಾಭವೋ? ತಳ ಗಟ್ಟಿ ಇದ್ದರೆ ಹಳೆಯದು ಲಾಭ. ತಳ ಕೆಟ್ಟಿದ್ದರೆ ಹಳೆಯದು ನಷ್ಟ. ಎರಡಕ್ಕೂ ಮಾರುವವರು ಹೇಳಿದ್ದು ಅದೇ ಆರು ಸಾವಿರ! ಲಾಭ ನಷ್ಟ ಇರುವುದು ತಳದಲ್ಲಿ.

ಚೀಟಿ ಬರೆಸಿಕೊಳ್ಳಿ

ಸಂಘದ ದುಡ್ಡು ಎಲ್ಲರ ದುಡ್ಡು. ಸ್ತ್ರೀಶಕ್ತಿ ಸಂಘವೇ ಇರಲಿ, ಬೇರೆ ಸಂಘವೇ ಇರಲಿ, ಸಭೆಯಲ್ಲಿ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹಣ ಕೊಡುವಾಗ ಚೀಟಿ ಬರೆಸಿಕೊಳ್ಳಿ. ಹೀಗೆ ಬರೆದರೆ ಸಾಕು.

ದಿನಾಂಕ: ________
ನಾನು ________, ________ ಗ್ರಾಮದವನು. ನನ್ನ ಸ್ವಂತದ ಫೈಬರ್ ಹರಿಗೋಲು ಒಂದನ್ನು ________ ಸಂಘಕ್ಕೆ ________ ರೂಪಾಯಿಗೆ ಮಾರಿದ್ದೇನೆ. ಹಣ ಪೂರ್ತಿ ಮುಟ್ಟಿದೆ. ಇದರ ಮೇಲೆ ಸಾಲ ಇಲ್ಲ. ಬೇರೆ ಯಾರ ಹಕ್ಕೂ ಇಲ್ಲ.
ಮಾರಿದವರ ಸಹಿ: ________
ಕೊಂಡವರ ಸಹಿ: ________
ಸಾಕ್ಷಿಗಳು: 1. ________ 2. ________

ಕೊಂಡವರ ಜಾಗದಲ್ಲಿ ಹೆಬ್ಬೆಟ್ಟು ಬೇಡ. ನಿಮ್ಮ ಹೆಸರು ನೀವೇ ಬರೆಯಿರಿ.

ಸರ್ಕಾರದ ಸಹಾಯಧನದಲ್ಲಿ ಕೊಟ್ಟ ಹರಿಗೋಲುಗಳೂ ಇರುತ್ತವೆ. ಅಂಥದ್ದನ್ನು ಮಾರಬಹುದೇ ಎಂದು ಇಲಾಖೆಯಲ್ಲಿ ಕೇಳದೆ ಕೊಳ್ಳಬೇಡಿ. ಇಂಜಿನ್ ಇರುವ ದೋಣಿ ಆದರೆ ಅದಕ್ಕೆ ನೋಂದಣಿ ಬೇಕು. ನೋಂದಣಿ ಕಾಗದ ನೋಡಿ. ಹೆಸರು ಬದಲಾಯಿಸಿಕೊಳ್ಳಿ.

ತೇಲು ಅಂಗಿ ಇಲ್ಲದೆ ಹತ್ತಬೇಡಿ

ನಮ್ಮದು ಬರದ ಸೀಮೆ. ಕೆರೆ ಬತ್ತಿದ್ದ ಕಾಲದಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಈಜು ಬಾರದು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ನಮ್ಮ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ಕು ಹೆಣ್ಣುಮಕ್ಕಳು ಮುಳುಗಿ ತೀರಿಹೋದರು. ಆ ದುಃಖ ನಮಗೆಲ್ಲ ಗೊತ್ತು. ನೀರು ಎಷ್ಟು ಬೇಗ ಜೀವ ತೆಗೆಯುತ್ತದೆ ಎಂದು ಹೊಸದಾಗಿ ಹೇಳಬೇಕಿಲ್ಲ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿತು. 16 ಜನ ಸತ್ತರು. ದೋಣಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು.

ಕೆರೆ ಕಡಲಲ್ಲ, ನಿಜ. ಆದರೆ ಕೆರೆಯಲ್ಲಿ ಬೇರೆ ಅಪಾಯ ಇದೆ. ಮಣ್ಣು ತೆಗೆದ ಗುಂಡಿಗಳು ಈಗ ನೀರಿನ ಅಡಿಯಲ್ಲಿವೆ. ಮೊಣಕಾಲು ನೀರು ಅಂದುಕೊಂಡು ಒಂದು ಹೆಜ್ಜೆ ಇಟ್ಟರೆ ಎರಡಾಳು ಆಳ. ಮುಳುಗಿದ ಜಾಲಿ ಮರದ ಬೊಡ್ಡೆಗಳಿವೆ. ಅವು ತಳವನ್ನು ಸೀಳುತ್ತವೆ. ನೀರು ಇಳಿದಾಗ ಕಂಡ ಗುಂಡಿ, ಬೊಡ್ಡೆ ಎಲ್ಲಿವೆ ಎಂದು ಊರಿನ ಹಿರಿಯರನ್ನು ಕೇಳಿ ತಿಳಿಯಿರಿ.

ಅದಕ್ಕೇ ತೇಲು ಅಂಗಿ ಬೇಕು. ಲೈಫ್ ಜಾಕೆಟ್ ಅಂತ ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಎಷ್ಟು ಜನ ಹತ್ತುತ್ತಾರೋ ಅಷ್ಟು ಅಂಗಿ. ಹಳೆಯ ಅಂಗಿ ಕೊಂಡರೆ ಅದನ್ನೂ ಪರೀಕ್ಷೆ ಮಾಡಿ. ಪಟ್ಟಿ ಎಳೆಯಿರಿ. ಕೊಂಡಿ ಹಾಕಿ ತೆಗೆಯಿರಿ. ಸೊಂಟದ ಮಟ್ಟದ ನೀರಿನಲ್ಲಿ ತೊಟ್ಟು ತೇಲಿ ನೋಡಿ. ಪಕ್ಕದಲ್ಲಿ ಈಜು ಬಲ್ಲವರು ಇರಲಿ. ಅಂಗಿಯನ್ನು ಹರಿಗೋಲಿನಲ್ಲಿ ಮಡಿಸಿ ಇಟ್ಟರೆ ಉಪಯೋಗ ಇಲ್ಲ. ಮೈಮೇಲೆ ಇರಬೇಕು. ಇದರ ಜೊತೆಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಒಂದನ್ನು ಹಗ್ಗ ಕಟ್ಟಿ ಇಟ್ಟುಕೊಳ್ಳಿ. ನೀರಿಗೆ ಬಿದ್ದವರಿಗೆ ಎಸೆಯಲು ಆಗುತ್ತದೆ.

ಗುಡುಗು ಮಿಂಚು ಇದ್ದಾಗ ಹೋಗಬೇಡಿ. ಕೋಡಿ ಹರಿಯುವಾಗ ಕೋಡಿಯ ಹತ್ತಿರ ಹೋಗಬೇಡಿ. ಇಬ್ಬರೂ ಒಂದೇ ಕಡೆ ನಿಂತು ಬಲೆ ಎಳೆಯಬೇಡಿ.

ಕಡಲಿನ ದೋಣಿಗೂ ಇದೇ ಪಾಠ

ನಮ್ಮ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲ ತೀರ ಇದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಈ ಮೂರು ಜಿಲ್ಲೆಗಳಲ್ಲಿ. ಅಲ್ಲಿಯ ಯಾಂತ್ರಿಕ ದೋಣಿಗಳು ಕಡಲಿನಲ್ಲಿ ಬಹಳ ದೂರ ಹೋಗುತ್ತವೆ. ಅವುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. ಮಳೆಗಾಲದಲ್ಲಿ ಮೀನು ಮರಿ ಮಾಡಲಿ, ಜನರ ಜೀವವೂ ಉಳಿಯಲಿ ಅಂತ ಸರ್ಕಾರದ ನಿಯಮ.

ದೂರದ ಅಮೆರಿಕದಲ್ಲಿ ಮೋಜಿಗಾಗಿ ಮೀನು ಹಿಡಿಯುವವರು ಬಹಳ ಜನ. ಅವರು ಇಂಜಿನ್ ದೋಣಿಯನ್ನು ಟ್ರೈಲರ್ ಮೇಲೆ ಇಟ್ಟು, ಕಾರಿನ ಹಿಂದೆ ಕಟ್ಟಿ, ಕಡಲ ತೀರಕ್ಕೆ ಎಳೆದೊಯ್ಯುತ್ತಾರೆ. ಅಲ್ಲೂ ಹಳೆಯ ದೋಣಿಗಳ ಮಾರಾಟ ಜೋರು. ಅವರು ಏನು ನೋಡುತ್ತಾರೆ? ದೋಣಿ, ಇಂಜಿನ್, ಎಣ್ಣೆ, ಟ್ರೈಲರ್, ಎಲ್ಲಾ ಸೇರಿ ತೂಕ ಎಷ್ಟು? ನಮ್ಮ ಗಾಡಿ ಎಳೆಯುತ್ತದೆಯೇ? ಅಲೆಗೆ ತಡೆಯುತ್ತದೆಯೇ? ತಳದ ಪದರ ಬಿಟ್ಟಿದೆಯೇ? ಅದನ್ನು ತಿಳಿಯಲು ಸಣ್ಣ ಸುತ್ತಿಗೆಯಿಂದ ತಳವನ್ನು ತಟ್ಟುತ್ತಾ ಬರುತ್ತಾರೆ. ದೋಣಿ ಪರೀಕ್ಷೆ ಮಾಡುವವರಿಗೆ ಇದಕ್ಕೆ ಸಂಬಳ ಕೊಡುತ್ತಾರೆ.

ನೋಡಿದಿರಾ! ಲಕ್ಷಾಂತರ ರೂಪಾಯಿಯ ದೋಣಿಗೂ ಮಡಕೆ ತಟ್ಟುವ ವಿದ್ಯೆಯೇ.

ನೆನಪಿಡಿ

ಮೊದಲು ಕೆರೆಯ ಹಕ್ಕು ಕೇಳಿ.
ಹೊಸದರ ಬೆಲೆ, ಸಹಾಯಧನ ಕೇಳಿ.
ತಳ ತಟ್ಟಿ, ಒತ್ತಿ, ಬೆಳಕು ಹಾಯಿಸಿ ನೋಡಿ.
ಭಾರ ಇಟ್ಟು ಅರ್ಧ ಗಂಟೆ ನೀರಿನಲ್ಲಿ ಬಿಡಿ.
ಒಟ್ಟು ಖರ್ಚು ಬರೆದು ಕೂಡಿಸಿ.
ಚೀಟಿ ಬರೆಸಿ, ಓದಿ, ಸಹಿ ಹಾಕಿ.
ತಲೆಗೊಂದು ತೇಲು ಅಂಗಿ ಇರಲಿ.

ಕೂಡಿ ಮಾತಾಡಿ

1. ನಿಮ್ಮ ಊರಿನ ಕೆರೆಯ ಮೀನಿನ ಗುತ್ತಿಗೆ ಯಾರದು? ಯಾವ ವರ್ಷದ ತನಕ ಇದೆ?
2. ನಿಮ್ಮ ಕೆರೆಯಲ್ಲಿ ಗುಂಡಿಗಳು ಎಲ್ಲೆಲ್ಲಿವೆ? ನೆಲದ ಮೇಲೆ ಕೆರೆಯ ಚಿತ್ರ ಬರೆದು ಗುರುತು ಹಾಕಿ.
3. ಹರಿಗೋಲಿನ ಬದಲು ಹಳೆಯ ಹೊಲಿಗೆ ಯಂತ್ರ ಕೊಳ್ಳುತ್ತೀರಿ ಎಂದುಕೊಳ್ಳಿ. ಏನೇನು ನೋಡುತ್ತೀರಿ? ಒಂದು ಪಟ್ಟಿ ಬರೆಯಿರಿ.